ಎಂಎಸ್ಸಿಗೆ ಶುದ್ಧ ಗಣಿತವೋ, ಭೌತಶಾಸ್ತ್ರವೋ?

ಕೊನೇ_ಸೆಮ್_ಹುಡುಗಿ: ಕಲಬುರಗಿಯಲ್ಲಿ ಬಿಎಸ್ಸಿ ಮುಗಿಯುತ್ತಾ ಬಂತು. ಫಿಸಿಕ್ಸ್, ಮ್ಯಾಥ್ಸ್ ಎರಡರಲ್ಲೂ ಅಂಕ ಚೆನ್ನಾಗಿವೆ. ಗುಲಬರ್ಗಾ ವಿವಿ ಅಥವಾ ಕಡಗಂಚಿಯ ಕೇಂದ್ರೀಯ ವಿವಿ ಅಂತ ಯೋಚಿಸಿದ್ದೇನೆ. ನನಗೆ ಗ್ರೂಪ್ ಥಿಯರಿ (ಸಮ್ಮಿತಿಯ ಗಣಿತ) ಇಷ್ಟ. ಅಪ್ಪ ಮಾತ್ರ ‘ಫಿಸಿಕ್ಸ್ ತಗೋ, ಲ್ಯಾಬ್ ಕೆಲಸಕ್ಕೆ ಬೆಲೆ ಇದೆ’ ಅಂತಾರೆ. ಮುಂದೆ ಪಿಎಚ್‌ಡಿ ಆಸೆ. ಯಾವುದು ತಗೊಳ್ಳಲಿ?

ಸೇಡಂ_ಪರ್ಸಿಕಲ್ಲು: ಗಣಿತ. ಒಮ್ಮೆ ಸಾಧಿಸಿದ ಪ್ರಮೇಯ ಮತ್ತೆ ಬೀಳುವುದಿಲ್ಲ. ಅವಿಭಾಜ್ಯ ಸಂಖ್ಯೆಗಳು ಮುಗಿಯುವುದಿಲ್ಲ ಎಂದು ಯೂಕ್ಲಿಡ್ ತೋರಿಸಿ ಎರಡು ಸಾವಿರ ವರ್ಷ ದಾಟಿತು. ನಿಮ್ಮ ಭೌತಶಾಸ್ತ್ರದವರು ಬೆಳಕು ಸಾಗಲು ಈಥರ್ ಅನ್ನುವ ಮಾಧ್ಯಮ ಇದೆ ಅಂದಿದ್ದರು, 1887ರಲ್ಲಿ ಮೈಕಲ್ಸನ್, ಮೋರ್ಲಿ ಹುಡುಕಿದರೆ ಸುಳಿವೇ ಇಲ್ಲ. ಅಲ್ಲದೆ ಗಣಿತ ನಮ್ಮ ಜಿಲ್ಲೆಯದೇ ಆಸ್ತಿ. ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದದ್ದು ಮಳಖೇಡದ ಅಮೋಘವರ್ಷನ ಕಾಲದಲ್ಲಿ.

ಪ್ರಾಕ್ಟಿಕಲ್_ಸರ್: “ಬೀಳುವುದಿಲ್ಲ” ಅಂತೆ! ಅದೇ ಮಹಾವೀರಾಚಾರ್ಯರು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗುವುದಿಲ್ಲ ಎಂದಿದ್ದಾರೆ. ಅದು ಇನ್ನೂ ನಿಂತಿದೆಯೇ?

ಸೇಡಂ_ಪರ್ಸಿಕಲ್ಲು: ಅದು ಪ್ರಮೇಯವೇನ್ರೀ? ನಿಯಮ. 9ನೇ ಶತಮಾನದಲ್ಲಿ ಕೂತು ಸೊನ್ನೆಯ ಲೆಕ್ಕ ಮಾಡಿದವರ ಬಗ್ಗೆ ಹಗುರವಾಗಿ ಮಾತಾಡಬೇಡಿ.

ಬೀದರ್_ಕೋಟೆ: “ಮಳಖೇಡ” ಅನ್ನುವ ಮೊದಲು ಸ್ವಲ್ಪ ನಿಲ್ಲಿ. ಗ್ರಂಥದ ಶುರುವಿನಲ್ಲಿ ರಾಜನ ಹೊಗಳಿಕೆ ಇದೆ, ಅಷ್ಟೇ. ಅವರು ಮಳಖೇಡದಲ್ಲೇ ಕೂತು ಬರೆದರು ಅನ್ನುವುದಕ್ಕೆ ಏನು ಆಧಾರ?

ಸೇಡಂ_ಪರ್ಸಿಕಲ್ಲು: ನಾನು “ಕಾಲದಲ್ಲಿ” ಅಂದೆ, “ಕೂತು” ಅಂದವರು ನೀವು. ಬೀದರದವರಿಗೆ ನಮ್ಮೂರಿನ ಹೆಸರು ಬಂದರೆ ಯಾಕಿಷ್ಟು ಉರಿ?

ಬೀದರ್_ಕೋಟೆ: “ನಮ್ಮ ಜಿಲ್ಲೆಯದೇ ಆಸ್ತಿ” ಅಂದದ್ದು ಯಾರು ಹಾಗಾದ್ರೆ? ಪಹಣಿಯಲ್ಲಿ ಹೆಸರು ಏರಿಸಿದವರ ಹಾಗೆ ಮಾತಾಡಿದ್ದೀರಿ.

ನೆಟ್_ಪಾಸ್: ತಂಗಿ, ಇವರನ್ನು ಬಿಡು. ಪಿಎಚ್‌ಡಿ ಫೆಲೋಶಿಪ್‌ಗೆ ಬರೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಗಣಿತದ ‘ಪಾರ್ಟ್ ಸಿ’ ಭಾಗಕ್ಕೆ ನೆಗೆಟಿವ್ ಮಾರ್ಕಿಂಗ್ ಇಲ್ಲ. ಫಿಸಿಕ್ಸ್‌ನಲ್ಲಿ ತಪ್ಪಿಗೆ ಅಂಕ ಕಳೀತಾರೆ. ಗಣಿತವೇ ಸಲೀಸು.

ಪ್ರಾಕ್ಟಿಕಲ್_ಸರ್: “ಸಲೀಸು”! ಅಲ್ಲಿ ಒಂದು ಪ್ರಶ್ನೆಗೆ ಎರಡು ಮೂರು ಸರಿ ಉತ್ತರ ಇರಬಹುದು. ಒಂದು ಬಿಟ್ಟರೂ ಆ ಪ್ರಶ್ನೆಗೆ ಅಂಕವೇ ಇಲ್ಲ. ಅದನ್ನೇಕೆ ನುಂಗಿದಿರಿ?

ಕೊನೇ_ಸೆಮ್_ಹುಡುಗಿ: ಸರ್, ಗ್ರೂಪ್ ಥಿಯರಿ ಇಷ್ಟ ಇರುವವರಿಗೆ ಫಿಸಿಕ್ಸ್‌ನಲ್ಲಿ ಜಾಗ ಇದೆಯಾ?

ಪ್ರಾಕ್ಟಿಕಲ್_ಸರ್: ಧಾರಾಳ. ಕಣಭೌತಶಾಸ್ತ್ರ ನಿಂತಿರುವುದೇ ಅದರ ಮೇಲೆ. ಎಡ್ವರ್ಡ್ ವಿಟನ್ ಭೌತಶಾಸ್ತ್ರಜ್ಞ. 1990ರಲ್ಲಿ ಗಣಿತದವರ ಫೀಲ್ಡ್ಸ್ ಪದಕ ಅವರಿಗೇ ಬಂತು.

ಸೇಡಂ_ಪರ್ಸಿಕಲ್ಲು: ಹರೀಶ್ ಚಂದ್ರ ಅವರನ್ನು ಮರೆತಿರಾ? ಭೌತಶಾಸ್ತ್ರಜ್ಞ ಡಿರಾಕ್ ಕೈಕೆಳಗೆ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ, ಅದನ್ನು ಬಿಟ್ಟು ಗಣಿತಕ್ಕೆ ಬಂದರು. ಜಾಣರು ಬರುವ ದಾರಿ ಅದು.

ಪ್ರಾಕ್ಟಿಕಲ್_ಸರ್: “ಬರುವ ದಾರಿ” ಸರಿ. ಹಾಗಾದರೆ ಹೊರಟದ್ದು ಭೌತಶಾಸ್ತ್ರದಿಂದ. ನಾನೂ ಅದನ್ನೇ ಹೇಳ್ತಿರೋದು, ಮೊದಲು ಫಿಸಿಕ್ಸ್ ಕಲಿಯಲಿ. ಇನ್ನೊಂದು ಮಾತು. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದೂ ನಿಮ್ಮ ಮಹಾವೀರಾಚಾರ್ಯರು ಹೇಳಿದ್ದಾರೆ. ಕ್ವಾಂಟಮ್ ಭೌತಶಾಸ್ತ್ರದ ಬುನಾದಿಯಾದ 1926ರ ಷ್ರೋಡಿಂಗರ್ ಸಮೀಕರಣ ತೆಗೆದು ನೋಡಿ, ಮೈನಸ್ ಒಂದರ ವರ್ಗಮೂಲ ಮೊದಲಲ್ಲೇ ಕೂತಿದೆ.

ಸೇಡಂ_ಪರ್ಸಿಕಲ್ಲು: ಸಾಕು ಮಾಡ್ರೀ! ಅದನ್ನು ಷ್ರೋಡಿಂಗರ್ ಹುಟ್ಟಿಸಿದರೇನು? 16ನೇ ಶತಮಾನದಲ್ಲೇ ಇಟಲಿಯ ಬೊಂಬೆಲ್ಲಿ ಅದರ ಲೆಕ್ಕ ಮಾಡಿ ಇಟ್ಟಿದ್ದ. ನೀವು ಮುನ್ನೂರು ವರ್ಷ ಆದ ಮೇಲೆ ಬಂದು ಕಡ ತಗೊಂಡಿರಿ. ವಾಪಸ್ ಕೊಡೋದಿರಲಿ, ಬೈತೀರಿ.

ಬೀದರ್_ಕೋಟೆ: ಬೊಂಬೆಲ್ಲಿಯೂ ಮಳಖೇಡದವನೇ?

ಸೇಡಂ_ಪರ್ಸಿಕಲ್ಲು: ನಿಮ್ಮ ಜೊತೆ ಮಾತಿಲ್ಲ.

ನೆಟ್_ಪಾಸ್: ಒಂದು ಕೆಲಸದ ಮಾತು. ಪಿಯು ಉಪನ್ಯಾಸಕರಾಗಲು ಎಂಎಸ್ಸಿ ಜೊತೆ ಬಿ.ಎಡ್ ಬೇಕು, ಎರಡು ವಿಷಯಕ್ಕೂ. ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯೂ ಎರಡಕ್ಕೂ ಸಿಗುತ್ತದೆ. ಆ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ.

ಸೇಡಂ_ಪರ್ಸಿಕಲ್ಲು: ಅವಳು ಪಿಎಚ್‌ಡಿ ಅಂದರೆ ನೀವು ಬಿ.ಎಡ್ ಅಂತೀರಿ. ಇರಲಿ. ಸರ್, ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ರೀತಿ ಆರಿಸಬಹುದು ಅನ್ನುವ ಸಾಮಾನ್ಯ ಸೂತ್ರ ಕೊಟ್ಟವರೂ ಮಹಾವೀರಾಚಾರ್ಯರೇ. ಅದನ್ನು ಮುಟ್ಟದೆ ನಾಳೆ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ (ಅಸಂಖ್ಯ ಕಣಗಳ ಸ್ಥಿತಿ ಎಣಿಸುವ ಭೌತಶಾಸ್ತ್ರ) ಪಾಠ ಮಾಡಿ ನೋಡೋಣ.

ಪ್ರಾಕ್ಟಿಕಲ್_ಸರ್: ಹಾಗೆ ಎಣಿಸಿದರೆ ಬೆಳಕಿನ ಕಣಗಳ ಲೆಕ್ಕ ತಪ್ಪುತ್ತದೆ. ಒಂದು ಕಣಕ್ಕೂ ಇನ್ನೊಂದಕ್ಕೂ ಗುರುತೇ ಇಲ್ಲ. ಎಣಿಸುವ ಬೇರೆ ದಾರಿ ತೋರಿಸಿದ್ದು 1924ರಲ್ಲಿ ಸತ್ಯೇಂದ್ರನಾಥ ಬೋಸ್, ಭೌತಶಾಸ್ತ್ರಜ್ಞ.

ಸೇಡಂ_ಪರ್ಸಿಕಲ್ಲು: ಬೋಸ್ 1915ರಲ್ಲಿ ಎಂಎಸ್ಸಿ ಮಾಡಿದ್ದು ಯಾವ ವಿಷಯದಲ್ಲಿ? ಮಿಶ್ರ ಗಣಿತದಲ್ಲಿ, ಅಂದರೆ ಇಂದಿನ ಅನ್ವಯಿಕ ಗಣಿತದಲ್ಲಿ.

ಪ್ರಾಕ್ಟಿಕಲ್_ಸರ್: ಇಲ್ಲಿ ಕೇಳಿರೋದು ಶುದ್ಧ ಗಣಿತದ ಬಗ್ಗೆ. ಅದರಲ್ಲಿ ಎಂಎಸ್ಸಿ ಮಾಡಿದವರ ಉದಾಹರಣೆ ಕೊಡಿ.

ಬೀದರ್_ಕೋಟೆ: ಅದಕ್ಕೂ ಮೊದಲು ನನ್ನ ಮಳಖೇಡದ ಆಧಾರ ಕೊಡಿ.