ಸಮಿತಿಗೆ ಬಂದ 10,000 ರೂಪಾಯಿ: ಫಾಗಿಂಗ್ ಮಾಡಿಸೋದಾ, ಚರಂಡಿಗೆ ಹಾಕೋದಾ?

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯೆ, ಜಗಳೂರು ತಾಲ್ಲೂಕು):
ನಮಸ್ಕಾರ ಸರ್. ನಮ್ಮೂರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ನಾನು ಅಧ್ಯಕ್ಷೆ. ಖಾತೆಗೆ 10,000 ರೂಪಾಯಿ ಮುಕ್ತ ನಿಧಿ (ಸಮಿತಿಯೇ ತೀರ್ಮಾನಿಸಿ ಖರ್ಚು ಮಾಡೋ ಹಣ) ಬಂದಿದೆ. ಹೋದ ಮಳೆಗಾಲದಲ್ಲಿ ನಾಲ್ಕೈದು ಜನಕ್ಕೆ ಡೆಂಗಿ ಬಂದಿತ್ತು. ಫಾಗಿಂಗ್ ಮಾಡಿಸೋಣ ಅಂತ ಹುಡುಗರು ಪಟ್ಟು ಹಿಡಿದಿದ್ದಾರೆ. ಹಿರಿಯರದು ಚರಂಡಿ ರಿಪೇರಿ ಜಪ. ಇಷ್ಟು ದುಡ್ಡಲ್ಲಿ ಏನು ಮಾಡಬಹುದು?

ಉತ್ತರ (ನಿವೃತ್ತ ಹಿರಿಯ ಆರೋಗ್ಯ ನಿರೀಕ್ಷಕ, ಚಿತ್ರದುರ್ಗ):
ಎರಡೂ ಬೇಡ ಮೇಡಂ. ಚರಂಡಿ ಪಂಚಾಯಿತಿ ಕೆಲಸ, ಅದಕ್ಕೆ ಬೇರೆ ಅನುದಾನ ಇದೆ. ಬೇರೆ ಕಡೆ ಹಣ ಸಿಗುವ ಕೆಲಸಕ್ಕೆ ಆದಷ್ಟು ಈ ದುಡ್ಡು ಮುಟ್ಟಬೇಡಿ ಅಂತ ಮಾರ್ಗಸೂಚಿಯೇ ಹೇಳುತ್ತದೆ. ಅಲ್ಲದೆ ಡೆಂಗಿ ಸೊಳ್ಳೆ ಚರಂಡಿಯ ಕೊಳಕು ನೀರಿನದಲ್ಲ, ಮನೆಯೊಳಗೆ, ಮನೆ ಸುತ್ತ ನಿಂತ ತಿಳಿ ನೀರಿನದು.

ಫಾಗಿಂಗ್ ಹಾರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇರುವುದು ಮನೆಯೊಳಗೆ, ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಹಿಂದೆ. ಹೊಗೆ ಬಂತು ಅಂದ ಕೂಡಲೇ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಸೊಳ್ಳೆಗೆ ಅದಕ್ಕಿಂತ ಇನ್ನೇನು ಬೇಕು!

ನಮ್ಮ ಬಯಲುಸೀಮೆಯ ಕಥೆ ಗೊತ್ತಲ್ಲ. ನಲ್ಲಿ ನೀರು ದಿನಾ ಬರುವುದಿಲ್ಲ, ಹಾಗಾಗಿ ಡ್ರಮ್ಮು, ತೊಟ್ಟಿ, ಹಂಡೆ ಎಲ್ಲದರಲ್ಲೂ ತುಂಬಿಸಿ ಇಡುತ್ತೇವೆ. ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆ ಉಜ್ಜಿ, ಒಣಗಿಸಿ ಅನ್ನುವುದು. ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ, ಸುಮ್ನೆ ನೀರು ಚೆಲ್ಲಿದರೆ ಹೋಗುವುದಿಲ್ಲ.

ನಾನಾಗಿದ್ದರೆ ನಾಲ್ಕು ಟಾರ್ಚು, ಒಂದು ರಿಜಿಸ್ಟರ್ ತಂದು, ಸ್ತ್ರೀಶಕ್ತಿ ಸಂಘದವರನ್ನು ಕರೆದು ಮನೆ ಮನೆ ಲಾರ್ವಾ (ನೀರಲ್ಲಿರುವ ಸೊಳ್ಳೆ ಮರಿ) ಹುಡುಕಿಸುತ್ತಿದ್ದೆ. ಮುಚ್ಚಳ ಇಲ್ಲದ ಡ್ರಮ್ಮುಗಳನ್ನು ಎಣಿಸಿ, ಊರಿನ ಟೈಲರ್ ಹತ್ತಿರವೇ ಎಲಾಸ್ಟಿಕ್ ಹಾಕಿದ ಬಟ್ಟೆ ಮುಸುಕು ಹೊಲಿಸುತ್ತಿದ್ದೆ. ದನದ ಬಾನಿ, ದೊಡ್ಡ ತೊಟ್ಟಿಗಳಿಗೆ ಲಾರ್ವಾ ತಿನ್ನುವ ಗಪ್ಪಿ ಮೀನು ಬಿಡಿ. ಆರೋಗ್ಯ ಇಲಾಖೆಯವರನ್ನೇ ಕೇಳಿ ನೋಡಿ, ಖರ್ಚು ತರುವ ಬಾಡಿಗೆಯಷ್ಟೇ ಆಗಬಹುದು.

ಪ್ರಶ್ನೆ (ಆಶಾ ಕಾರ್ಯಕರ್ತೆ, ಹಿರಿಯೂರು ತಾಲ್ಲೂಕು):
ಸರ್, ನಾನು ನಮ್ಮೂರಿನ ಸಮಿತಿಯ ಕಾರ್ಯದರ್ಶಿ. ಇಂಥ ಅಂಗಡಿಯಿಂದಲೇ ಸಾಮಾನು ತಗೊಳ್ಳಿ ಅಂತ ಒಬ್ಬರು ಫೋನ್ ಮಾಡಿದರು. ಇಲ್ಲ ಅನ್ನೋಕೆ ಭಯ.

ಉತ್ತರ:
ಭಯ ಬೇಡ ತಂಗಿ. ಖರ್ಚು ತೀರ್ಮಾನಿಸುವುದು ಸಮಿತಿ, ಫೋನ್ ಮಾಡಿದವರಲ್ಲ. "ಸಭೆಯಲ್ಲಿ ಇಡುತ್ತೇನೆ, ನೀವು ಹೇಳಿದ್ದನ್ನು ಬರೆದು ಕಳಿಸಿ" ಅನ್ನಿ. ಬರೆದು ಕೊಡಿ ಅಂದರೆ ಹೆಚ್ಚಿನವರು ಮತ್ತೆ ಫೋನ್ ಮಾಡುವುದಿಲ್ಲ, ಇದು ನನ್ನ ಅನುಭವ. ಮೊದಲು ಸಭೆಯ ತೀರ್ಮಾನ ಬರೆದ ನಡಾವಳಿ, ಆಮೇಲೆ ಹಣ. ಹಣ ತೆಗೆಯಲು ನಿಮ್ಮದೂ ಅಧ್ಯಕ್ಷರದೂ ಇಬ್ಬರ ಸಹಿ ಬೇಕು, ಖಾಲಿ ಚೆಕ್ಕಿಗೆ ಮಾತ್ರ ಯಾವತ್ತೂ ಸಹಿ ಹಾಕಬೇಡಿ. ದುಡ್ಡು ಖರ್ಚಾಗದೆ ಉಳಿದರೆ ಮುಂದಿನ ವರ್ಷ ಅಷ್ಟು ಕಡಿಮೆ ಬರಬಹುದು, ಅದೂ ನೆನಪಿರಲಿ.

ಪ್ರಶ್ನೆ (ಶಿಕ್ಷಕ, ಮೊಳಕಾಲ್ಮೂರು):
ನಮ್ಮ ಮಕ್ಕಳ ಹಲ್ಲೆಲ್ಲ ಕಂದುಗಟ್ಟಿವೆ. ಬೋರ್‌ವೆಲ್ ನೀರು ಕಾಯಿಸಿ ಕುಡಿಯಿರಿ ಅಂತ ಹೇಳುತ್ತಿದ್ದೇವೆ. ಸಾಕಾ?

ಉತ್ತರ:
ಅಯ್ಯೋ, ಮೇಷ್ಟ್ರೇ, ಹಲ್ಲು ಹೀಗಾಗಲು ನೀರಲ್ಲಿ ಕರಗಿರುವ ಫ್ಲೋರೈಡ್ ಕಾರಣ ಇರಬಹುದು. ಫ್ಲೋರೈಡ್ ಇದ್ದರೆ ಕಾಯಿಸಬೇಡಿ! ನೀರು ಆವಿಯಾಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಉಳಿದ ನೀರಲ್ಲಿ ಅದು ಇನ್ನೂ ಜಾಸ್ತಿಯಾಗುತ್ತದೆ. ಮೊದಲು ಪರೀಕ್ಷೆ ಮಾಡಿಸಿ. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಗೆ ಐದು ಹೆಂಗಸರಿಗೆ ನೀರು ಪರೀಕ್ಷೆ ಕಿಟ್ ಬಳಸುವ ತರಬೇತಿ ಕೊಡಬೇಕು ಅಂತ ಇದೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಕಿಟ್ ಎಲ್ಲಿದೆ ಅಂತ ಕೇಳಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯಲು, ಅಡುಗೆಗೆ ಆ ನೀರು ಬೇಡ. ಬಟ್ಟೆ, ಪಾತ್ರೆಗೆ ಬಳಸಬಹುದು. ಸಮಿತಿಯ 10,000ದಲ್ಲಿ ಶುದ್ಧ ನೀರಿನ ಘಟಕ ಆಗುವುದಿಲ್ಲ. ಆದರೆ ಊರಿನ ಬೋರ್‌ಗಳನ್ನೆಲ್ಲ ಪರೀಕ್ಷೆ ಮಾಡಿಸಿ, ಕೆಟ್ಟದ್ದಕ್ಕೆ ಕೆಂಪು, ಒಳ್ಳೆಯದಕ್ಕೆ ನೀಲಿ ಬಣ್ಣ ಬಳಿಸಬಹುದು.

ಮೊದಲ ಪ್ರಶ್ನೆ ಕೇಳಿದವರು:
ಸರ್, ಫಾಗಿಂಗ್ ಕೇಳಿದ ಹುಡುಗರ ಕೈಗೇ ಟಾರ್ಚ್ ಕೊಡುತ್ತೇನೆ.

ಉತ್ತರ:
ಕೊಡಿ ಮೇಡಂ. ಆದರೆ ಮೊದಲು ಅಧ್ಯಕ್ಷರ ಮನೆ. ಫ್ರಿಜ್ ಹಿಂದಿನ ಟ್ರೇ ನೋಡೋದು ಮರೀಬೇಡಿ. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನಮ್ಮ ಮನೆಯಲ್ಲೇ ಅಲ್ಲಿ ಲಾರ್ವಾ ಸಿಕ್ಕಿತ್ತು. ನನ್ನ ಹೆಂಡತಿ ಇವತ್ತಿಗೂ ಅದನ್ನು ಆಡಿಕೊಳ್ಳೋದು ಬಿಟ್ಟಿಲ್ಲ.