ಅಜ್ಜನ ಟ್ರಂಕಿನ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬಬಹುದಾ?

ಕುಷ್ಟಗಿ ಶೇಂಗಾ: ಕುಷ್ಟಗಿ ಹತ್ತಿರ ನಮ್ಮ ಹೊಲ. ಅಜ್ಜನ 12 ಬೋರಿನ ಜೋಡುನಳಿಗೆ ಬಂದೂಕು ಈಗ ನನ್ನ ಹೆಸರಲ್ಲಿದೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ತೋಟಾ ತರೋಕೆ ದೂರ ಹೋಗಬೇಕು, ರೇಟೂ ಜಾಸ್ತಿ. ಮೊನ್ನೆ ಟ್ರಂಕಿನಲ್ಲಿ ನಲವತ್ತರಷ್ಟು ಖಾಲಿ ತೋಟಾ ಸಿಕ್ಕವು. ಕೆಂಪು ಕಾಗದದವು, ಬುಡದ ಹಿತ್ತಾಳೆ ಹಸಿರಾಗಿದೆ. ಜೊತೆಗೆ ಮೇಜಿಗೆ ತಿರುಪು ಬಿಗಿದು ಹಿಡಿ ತಿರುಗಿಸೋ ಒಂದು ಯಂತ್ರ, ಥೇಟ್ ಶ್ಯಾವಿಗೆ ಯಂತ್ರದ ಹಾಗೆ. ಅಜ್ಜ ಮನೆಯಲ್ಲೇ ತುಂಬುತ್ತಿದ್ದರಂತೆ. ನಾನು ತುಂಬಿದರೆ ಏನು ತಪ್ಪು?

ಹಳೇ ನಳಿಗೆ, ಲಿಂಗಸುಗೂರು: ಆ ಯಂತ್ರ ತೋಟಾದ ಬಾಯಿ ಒಳಕ್ಕೆ ಮಡಚೋಕೆ. ನಮ್ಮಪ್ಪನ ಹತ್ತಿರವೂ ಇತ್ತು. ಬುಡಕ್ಕೆ ಕಿಡಿ ಕೊಡೋ ಕೇಪು, ಮದ್ದು, ರಟ್ಟಿನ ಬಿಲ್ಲೆ, ಮೇಲೆ ಚರೆ ಅಂದ್ರೆ ಸಣ್ಣ ಸೀಸದ ಗುಂಡು. ಮಳೆಗಾಲದ ಮಧ್ಯಾಹ್ನ ಕೂತು ತುಂಬೋರು, ನಮ್ಮನ್ನು ಹತ್ತಿರ ಬಿಡ್ತಿರಲಿಲ್ಲ. ಅಳತೆಗೆ ಒಂದು ಹಿತ್ತಾಳೆ ಚಮಚ. ಅದು ಕಪ್ಪು ಮದ್ದಿನ ಅಳತೆ. ಒಂದು ಸಲ ಯಾರೋ ಹೊಗೆ ಬಾರದ ಮದ್ದು ಕೊಟ್ಟರು. ಅಪ್ಪ ಅದನ್ನೂ ಅದೇ ಚಮಚದಲ್ಲಿ ಹಾಕಿದರು. ಆ ಮದ್ದಿನ ಜೋರೇ ಬೇರೆ ಅಲ್ವಾ? ಇಲಿ ನುಂಗಿದ ಹಾವಿನ ಹಾಗೆ ನಳಿಗೆ ಉಬ್ಬಿ ಸೀಳಿತು. ಕೊನೇವರೆಗೂ ಅವರ ಎಡಗೈಯ ಎರಡು ಬೆರಳು ಮಡಚಲಿಲ್ಲ, ರೊಟ್ಟಿ ಮುರಿಯೋಕೂ ಅವ್ವನೇ ಬೇಕಿತ್ತು.

ಒಂದು ಖಾಲಿ ತೋಟಾ ಬೆಳಕಿಗೆ ಹಿಡಿದು ನೋಡಿ. ಹಿತ್ತಾಳೆಗೆ ಕಾಗದ ಸೇರೋ ಜಾಗ ನೋಡಿ.

ಕಟ್ಟೆ ವಕೀಲ: ಬಂದೂಕು ಇಟ್ಟುಕೊಳ್ಳೋ ಲೈಸೆನ್ಸೇ ಬೇರೆ, ತೋಟಾ ಮಾಡೋ ಲೈಸೆನ್ಸೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ನೋಡಿ. 2019ರ ತಿದ್ದುಪಡಿ ಆದಮೇಲೆ, ಲೈಸೆನ್ಸ್ ಇಲ್ಲದೆ ತೋಟಾ ಮಾಡಿದರೆ ಕನಿಷ್ಠ 7 ವರ್ಷ ಜೈಲು. ಇನ್ನೊಂದು, ಬೆಳೆ ರಕ್ಷಣೆ ಲೈಸೆನ್ಸ್ ಇದೆ ಅಂತ ಹಂದಿ ಹೊಡೆಯುವ ಹಾಗಿಲ್ಲ. ಅದಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು. ಟ್ರಂಕಿನಲ್ಲಿ ಹಳೇ ಮದ್ದೋ ಕೇಪೋ ಉಳಿದಿದ್ದರೆ ಮುಟ್ಟಬೇಡಿ, ಠಾಣೆಗೆ ತಿಳಿಸಿ.

ಕುಷ್ಟಗಿ ಶೇಂಗಾ: ನೋಡಿದೆ. ಆರು ತೋಟಾ ತೆಗೆದೆ, ನಾಲ್ಕರಲ್ಲಿ ಕೂದಲೆಳೆಯಷ್ಟು ಸೀಳು. ಐದನೆಯದು ಉಗುರು ತಾಗಿದ್ದಕ್ಕೇ ಪದರ ಬಿಟ್ಟಿತು. ತುಂಬೋ ಆಸೆ ಅಲ್ಲೇ ಹೋಯ್ತು. ಮೂಲೆಯಲ್ಲಿ ಒಂದು ಸಣ್ಣ ಡಬ್ಬಿಯೂ ಇದೆ, ಅಲ್ಲಾಡಿಸಿಲ್ಲ. ನಾಳೆ ಠಾಣೆಗೆ ಹೋಗಿ ಹೇಳ್ತೀನಿ. ಯಂತ್ರ ಮಾತ್ರ ಟ್ರಂಕಿನಲ್ಲಿಲ್ಲ. ಅಮ್ಮ ಅದನ್ನು ಹುಣಸೆಹಣ್ಣು ಹಚ್ಚಿ ತೊಳೆದು ಅಡುಗೆಮನೆಯಲ್ಲಿಟ್ಟಿದ್ದಾರೆ, ಶ್ಯಾವಿಗೆ ಬಿಲ್ಲೆ ಎಲ್ಲಿ ಹೋಯ್ತು ಅಂತ ಬೆಳಗಿನಿಂದ ಹುಡುಕ್ತಿದ್ದಾರೆ.