ಬೆಕ್ಕಿಗೆ ಹುಷಾರಿಲ್ಲ: ಬೆಳಗಿನವರೆಗೆ ಕಾಯಬಹುದಾ?

ಪ್ರಶ್ನೆ: ನಾಲ್ಕು ವರ್ಷದ ಗಂಡು ಬೆಕ್ಕು. ಸಂಜೆಯಿಂದ ಮರಳಿನ ಟ್ರೇಗೆ ಐದಾರು ಸಲ ಹೋಗಿ ತಿಣುಕುತ್ತಾ ಕೂರುತ್ತಿದೆ, ಊಟ ಮುಟ್ಟಿಲ್ಲ. ಮಲಬದ್ಧತೆ ಇರಬಹುದಾ? ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋದರೆ ಸಾಕಾ?

ಉತ್ತರ 1: ಮೊದಲು ಮರಳು ನೋಡಿ. ಮೂತ್ರ ಬಿದ್ದು ಆಗುವ ಒದ್ದೆ ಗಂಟು ಇಲ್ಲವೇ ಇಲ್ಲ, ಅಥವಾ ಒಂದೆರಡು ಹನಿ ಮಾತ್ರ ಅಂದರೆ ಈಗಲೇ ಹೊರಡಿ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಹರಳೋ ಲೋಳೆಯೋ ಸಿಕ್ಕಿಕೊಂಡರೆ ಮೂತ್ರ ಪೂರ್ತಿ ಕಟ್ಟುತ್ತದೆ. ಆಮೇಲೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪುತ್ತದೆ. ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ. ಇದನ್ನು ಮಲಬದ್ಧತೆ ಅಂದುಕೊಂಡು ಕಾಯುವುದೇ ಎಲ್ಲರೂ ಮಾಡುವ ತಪ್ಪು. ಹೊಟ್ಟೆ ಮಾತ್ರ ಒತ್ತಬೇಡಿ, ತುಂಬಿದ ಮೂತ್ರಕೋಶ ಒಡೆಯಬಹುದು.

ಉತ್ತರ 2: ಮೇಲಿನದು ಸರಿ. ಜೊತೆಗೆ ಉಸಿರನ್ನೂ ಎಣಿಸಿ. ಮಲಗಿರುವಾಗ ಎದೆ ಏರಿ ಇಳಿದರೆ ಒಂದು. 30 ಸೆಕೆಂಡಿನ ಲೆಕ್ಕವನ್ನು ಎರಡರಿಂದ ಗುಣಿಸಿ. ನಿಮಿಷಕ್ಕೆ 40 ದಾಟಿದರೆ ಅಥವಾ ಬಾಯಿ ತೆರೆದು ಏದುತ್ತಿದ್ದರೆ ತುರ್ತು. ವಸಡು ಬಿಳಿಚಿದ್ದರೆ, ನೀಲಿಯಾಗಿದ್ದರೆ, ಹಿಂಗಾಲು ಇದ್ದಕ್ಕಿದ್ದಂತೆ ಎಳೆಯುತ್ತಿದ್ದರೂ ಅಷ್ಟೇ.

ಪ್ರಶ್ನೆ ಕೇಳಿದವರು: ಗಂಟು ಒಂದೂ ಇಲ್ಲ. ನೋವಿಗೆ ಅರ್ಧ ಪ್ಯಾರಾಸಿಟಮಾಲ್ ಕೊಟ್ಟು ಹೊರಡಲಾ?

ಉತ್ತರ 1: ಬೇಡವೇ ಬೇಡ! ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸಲು ಆಗುವುದಿಲ್ಲ, ಅರ್ಧ ಮಾತ್ರೆಯೂ ಕೊಲ್ಲಬಹುದು. ಬುಟ್ಟಿಗೆ ಹಾಕಿ, ಮೇಲೊಂದು ಟವೆಲ್ ಮುಚ್ಚಿ. ಆಸ್ಪತ್ರೆಗೆ ಫೋನ್ ಮಾಡಿ, "ಗಂಡು ಬೆಕ್ಕು, ಮೂತ್ರ ಕಟ್ಟಿದೆ" ಅನ್ನಿ. ಕೊನೆಯ ಸಲ ಯಾವಾಗ ಹೊಯ್ದಿತ್ತು ಅನ್ನುವುದನ್ನೂ ನೆನಪಿಟ್ಟುಕೊಳ್ಳಿ, ಮೊದಲು ಅದನ್ನೇ ಕೇಳುತ್ತಾರೆ.